ಜೇನು ಮುಟ್ಟಿಸಿದ ಕೈ

ಪರದೆಯ ಮೇಲೆ ಚಾಟಿ ಬೀಸಿದಾಗಲೆಲ್ಲ ಟೆಂಟಿನೊಳಗಿನ ಜನ ಸಿಳ್ಳೆ ಹಾಕುತ್ತಿದ್ದರು. ಮರಕ್ಕೆ ಕಟ್ಟಿದ್ದ ಕಾಡಿನ ಮುದುಕನ ಬೆನ್ನು ಸೀಳಿ ರಕ್ತ ಇಳಿಯುತ್ತಿತ್ತು. ಕಪ್ಪುಬಿಳುಪಿನ ಚಿತ್ರವಾದ್ದರಿಂದ ಅದು ಮಸಿಯಂತೆ ಕಾಣುತ್ತಿತ್ತು. ಆದರೂ ಹೆಂಗಸರ ಕಡೆ ನೆಲದ ಮೇಲೆ ಕುಳಿತಿದ್ದ ಶಿವನಂಜಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಇನ್ನೂ ನಾಕು ಬುಡ್ಲಾ ಅವ್ನಿಗೆ" ಎಂದು ಗಂಡಸರ ಕಡೆಯಿಂದ ಒಬ್ಬ ಕೂಗಿದ. ಆ ದನಿ ಅವಳಿಗೆ ಗೊತ್ತು. ಅವಳ ಅಣ್ಣನ ಮಗ ಬಸವರಾಜು. ಅವನ ಎತ್ತಿನ ಗಾಡಿಯಲ್ಲೇ ಅವಳು ಸಿನಿಮಾಕ್ಕೆ ಬಂದದ್ದು.

"ಕತೆ ಅಂಗಿಲ್ಲ ಕಣವ್ವ," ಎಂದು ಶಿವನಂಜಮ್ಮ ಪಕ್ಕದವಳಿಗೆ ಹೇಳಿದಳು. "ಆ ಅಜ್ಜ ಮಗೀನ ಕದ್ದೋನಲ್ಲ, ಕಾಪಾಡ್ದೋನು."

"ಕತೆ ಬರ್ದೋಳು ನೀನೇಯಾ? ಸುಮ್ಕೆ ನೋಡಜ್ಜಿ."

ಅವಳು ಬರೆದವಳಲ್ಲ, ಓದಿದವಳೂ ಅಲ್ಲ. ಓದಿದವನು ಅವಳ ಮೊಮ್ಮಗ ನಂಜುಂಡ. ಕಾಡಿನಲ್ಲಿ ದಾರಿ ತಪ್ಪಿದ ಸೆಟ್ಟರ ಮಗುವನ್ನು ಜೇನು ಕೀಳುವ ಅಜ್ಜನೊಬ್ಬ ಹೆಗಲ ಮೇಲೆ ಹೊತ್ತು ಮನೆ ಮುಟ್ಟಿಸುವ ಕತೆ ಅದು. ಸುತ್ತಿನ ಶಾಲೆಗಳ ಮಕ್ಕಳೆಲ್ಲ ಆ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಓದಿದ್ದರು. ನಂಜುಂಡ ಜಗಲಿಯಲ್ಲಿ ಕುಳಿತು ಅದನ್ನು ಗಟ್ಟಿಯಾಗಿ ಓದುವಾಗ ಅಂಗಳದಲ್ಲಿ ಜೋಗಯ್ಯ ಕುಕ್ಕರಗಾಲಲ್ಲಿ ಕುಳಿತಿರುತ್ತಿದ್ದ. ಜೋಗಯ್ಯ ಕಾಡಂಚಿನ ಹಾಡಿಯವನು, ಜೇನು ಕೀಳುವವನು, ಶಿವನಂಜಮ್ಮನ ಹೊಲಕ್ಕೆ ಕಾವಲಿಗೂ ಬರುವವನು. "ಆ ಅಜ್ಜ ನಮ್ಮ ಹಾಡಿಯೋನೇ ಇರ್ಬೇಕು ಬುಡು ಬುದ್ಧಿ" ಎಂದು ನಗುತ್ತಿದ್ದ.

ಆ ಕತೆ ಸಿನಿಮಾ ಆಗುತ್ತಿದೆ ಎಂಬ ಸುದ್ದಿ ಬಂದಾಗ ನಂಜುಂಡ ಜ್ವರದಲ್ಲಿ ಮಲಗಿದ್ದ. ಅಜ್ಜಿಯೂ ತಾನೂ ಜೋಗಜ್ಜನೂ ಒಟ್ಟಿಗೆ ಹೋಗಬೇಕೆಂದು ಮಾತು ತೆಗೆದುಕೊಂಡ. ಕಾರ್ತಿಕ ಮುಗಿಯುವುದರೊಳಗೆ ಅವನನ್ನು ಶಿವ ಕರೆದುಕೊಂಡ. ಮಗ ಸೊಸೆ ಮೊದಲೇ ಹೋಗಿದ್ದರು. ಶಿವನಂಜಮ್ಮ ಸತ್ತರೆ ಮಣ್ಣು ಮಾಡಲು ಇನ್ನು ಬಸವರಾಜು ಒಬ್ಬನೇ. ಸಿನಿಮಾ ಕೋಟೆ ಪೇಟೆಯ ಹೊರಗಿನ ಬಯಲಿನ ಟೆಂಟಿಗೆ ಬಂದಾಗ ಅವಳು ಹಾಡಿಗೆ ಹೇಳಿಕಳಿಸಿದಳು. ಜೋಗಯ್ಯ ಒಲ್ಲೆನೆಂದ. "ಮಗೀಗೆ ಮಾತು ಕೊಟ್ಟಿವ್ನಿ ಕಣೋ" ಎಂದು ಅವಳೇ ಎಳೆದು ತಂದಳು.

ಸಿನಿಮಾದವರು ಕತೆಯನ್ನು ತಿರುಚಿದ್ದರು. ಅಜ್ಜನ ಮೈಗೆ ಮಸಿ ಬಳಿದು ಕೊರಳಿಗೆ ಮೂಳೆ ಕಟ್ಟಿದ್ದರು. ಅವನು ಬಿದಿರಂಡೆಯಿಂದ ಜೇನು ನೆಕ್ಕಿಸುತ್ತಾನೆ, ಮಗು ಕಣ್ಣು ಮೇಲೆ ಮಾಡಿ ಬೀಳುತ್ತದೆ, ಮಗುವನ್ನು ಚೀಲಕ್ಕೆ ತುಂಬುತ್ತಾನೆ. ಊರವರು ಹಿಡಿದು ಚಾಟಿಯಲ್ಲಿ ಹೊಡೆದರೂ ಮಗು ಎಲ್ಲಿದೆಯೆಂದು ಹೇಳುವುದಿಲ್ಲ. ಅಲ್ಲಿಗೆ ಮಧ್ಯಂತರ ಬಂತು.

ಜನ ಹೊರಗೆ ಬಂದರು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಗಂಡಸರ ಮುಖಗಳು ಕೆಂಪಾಗಿದ್ದವು. ಸೋಡಾ ಗಾಡಿಯ ಬಳಿ ಒಂದು ಹೆಣ್ಣುಮಗು ಬೆದರಿ, ಉಸಿರು ಸಿಕ್ಕಿಕೊಂಡು ಅಳುತ್ತಿತ್ತು. ತಾಯಿ ಆಚೆ ತಿರುಗಿ ಕಡಲೆಪುರಿ ಕಟ್ಟಿಸುತ್ತಿದ್ದಳು. ಬೆದರಿದ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವುದು ಹಾಡಿಯ ವಾಡಿಕೆ. ನಾಯಿ ಬೊಗಳಿದರೂ ಗುಡುಗು ಹೊಡೆದರೂ ಮುಟ್ಟಿಸುತ್ತಾರೆ. ಎಮ್ಮೆ ಅಟ್ಟಿಸಿಕೊಂಡು ಬಂದ ದಿನ ನಂಜುಂಡನಿಗೂ ಜೋಗಯ್ಯ ಹಾಗೇ ಮಾಡಿದ್ದ. ಶಿವನಂಜಮ್ಮನಿಗೆಂದು ತಂದಿದ್ದ ಬಿದಿರಂಡೆ ಅವನ ಹೆಗಲಲ್ಲಿತ್ತು. ಅವನು ಮುಚ್ಚಳ ತೆಗೆದು, ಬೆರಳದ್ದಿ, ಮಗುವಿನ ನಾಲಿಗೆಗೆ ಮುಟ್ಟಿಸಿದ. ಮಗು ಅಳು ನಿಲ್ಲಿಸಿತು.

ತಾಯಿ ತಿರುಗಿ ನೋಡಿದಳು. "ಅಯ್ಯಯ್ಯೋ, ಮಗೀಗೆ ಮತ್ತಿನ ಔಸ್ದಿ ಹಾಕ್ಬುಟ್ಟ."

ಮೊದಲ ಏಟು ಸೋಡಾ ಬಾಟಲಿಯದು. ಅದು ಜೋಗಯ್ಯನ ಹುಬ್ಬಿನ ಮೇಲೆ ಒಡೆಯಿತು. ಅವನು ಕೂರುವ ಮೊದಲೇ ಬೆನ್ನಿಗೆ ಒದ್ದರು. ಬಿದ್ದವನ ಮೇಲೆ ಜನ ಕವಿದರು. ಒಬ್ಬ ಕೂದಲು ಹಿಡಿದು ಮುಖವನ್ನು ನೆಲಕ್ಕೆ ಉಜ್ಜಿದ. ಬಿದಿರಂಡೆ ತುಳಿತಕ್ಕೆ ಸಿಕ್ಕಿ ಸೀಳಿತು. "ಚೀಲ ಎಲ್ಲಿ ಮಡಗಿದ್ದೀಯೋ? ಬೊಗುಳು" ಎಂದು ಕೇಳಿ ಕೇಳಿ ಒದೆಯುತ್ತಿದ್ದರು. ಯಾವ ಚೀಲವೆಂದು ಜೋಗಯ್ಯನಿಗೆ ತಿಳಿಯಲಿಲ್ಲ.

ಶಿವನಂಜಮ್ಮ ಜನರ ಕಾಲುಗಳ ನಡುವೆ ನುಗ್ಗಿದಳು. ಬಸವರಾಜು ತನ್ನ ಎತ್ತಿನ ಗಾಡಿಯ ಪಕ್ಕದ ಗೂಟವನ್ನು ಕಿತ್ತು ತಂದಿದ್ದ. ಹುಟ್ಟಿದಂದಿನಿಂದ ಜೋಗಯ್ಯನನ್ನು ಬಲ್ಲವನು ಅವನು.

"ಯಾವ ಕೈಲಿ ಕೊಟ್ಟೆಲಾ?" ಎಂದ.

"ಬಸವರಾಜು, ನಮ್ಮ ಜೋಗ ಕಣೋ ಅವ್ನು" ಎಂದು ಅವಳು ಕೈ ಅಡ್ಡ ಇಟ್ಟಳು. ಗೂಟ ಅವಳ ಮೊಣಕೈಯನ್ನು ಕೆತ್ತಿಕೊಂಡು ಹೋಗಿ ಜೋಗಯ್ಯನ ಬಲಗೈ ಮೇಲೆ ಬಿತ್ತು. ಮತ್ತೆ ಎದ್ದು ಮತ್ತೆ ಬಿತ್ತು. ಹಸಿಕಡ್ಡಿ ಮುರಿದ ಸದ್ದಾಯಿತು. ಅವಳು ಆ ಕೈಯ ಮೇಲೆಯೇ ಬೋರಲು ಬಿದ್ದಳು. ಆಗ ಟೆಂಟಿನೊಳಗೆ ಗಂಟೆ ಬಾರಿಸಿ ದೀಪ ಆರಿಸಿದರು. ಮುಂದಿನ ಕತೆ ತಪ್ಪೀತೆಂದು ಜನ ಒಬ್ಬೊಬ್ಬರಾಗಿ ಒಳಗೆ ಓಡಿದರು. ಬಸವರಾಜು ಕೈ ಒರೆಸಿಕೊಂಡು ಎಲ್ಲರಿಗಿಂತ ಕಡೆಯಲ್ಲಿ ಹೋದ.

ಶಿವನಂಜಮ್ಮ ಅಲ್ಲಿ ಉಳಿದಿದ್ದ ಪುರಿಯವನನ್ನು ಕರೆದಳು. ಅವನು ಬುಟ್ಟಿ ಹೊತ್ತು ಕತ್ತಲೆಗೆ ಸರಿದ. ಜೋಗಯ್ಯನ ಕಂಕುಳಿಗೆ ಕೈ ಹಾಕಿ ಎಳೆದಳು. ಅವನು ಕಿರುಚಿದ. ಗಾಡಿಯವರೆಗೆ ಎಳೆದಳು, ಮೇಲೆತ್ತಲು ಆಗಲಿಲ್ಲ. ಎಂದೂ ಎತ್ತು ಹೂಡದ ಹೆಂಗಸು, ಮೊಣಕೈಯಿಂದ ರಕ್ತ ಸುರಿಯುತ್ತಿದ್ದರೂ ನೊಗ ಎತ್ತಿ ಎತ್ತುಗಳ ಹೆಗಲಿಗೆ ಇಟ್ಟಳು. ಅದು ಜಾರಿತು. ಶಿವಶಿವಾ ಎಂದು ಮತ್ತೆ ಎತ್ತಿದಳು.

ಟೆಂಟಿನ ಬಟ್ಟೆಯ ಆಚೆಯಿಂದ ಸಿನಿಮಾದ ಮಾತು ಕೇಳುತ್ತಿತ್ತು. ಕಳ್ಳ ಬೇರೆ ಯಾರೋ. ಅಜ್ಜ ಮಗುವಿಗೆ ಜೇನು ಕೊಟ್ಟು ಚೀಲದಲ್ಲಿ ಬಚ್ಚಿಟ್ಟದ್ದು ಆ ಕಳ್ಳನಿಗೆ ಸಿಗದಿರಲಿ ಎಂದೇ. ಅಜ್ಜ ಏಟು ತಿಂದ ಬೆನ್ನ ಮೇಲೆ ಮಗುವನ್ನು ಹೊತ್ತು ಹೊಳೆ ದಾಟುತ್ತಿದ್ದ. ಹೆಂಗಸರು ಮೂಗು ಸೀಟುವುದು ಕೇಳಿಸಿತು. ಆಮೇಲೆ ಚಪ್ಪಾಳೆ.

ಜನ ಕಣ್ಣೊರೆಸಿಕೊಂಡು ಹೊರಗೆ ಬಂದರು. ಬಸವರಾಜು ನೇರ ಗಾಡಿಯ ಬಳಿ ಬಂದ. ಅವನ ಕೆನ್ನೆ ಒದ್ದೆಯಾಗಿತ್ತು.

"ಅತ್ತೆ, ಆ ಅಜ್ಜ ಕೊನೇಲಿ ಒಳ್ಳೆಯೋನೇ ಕಣತ್ತೆ," ಎಂದ.

ಶಿವನಂಜಮ್ಮನ ಕೈಯಲ್ಲಿ ಎತ್ತು ಹೊಡೆಯುವ ಬಾರುಕೋಲಿತ್ತು. ಇರುವೆಯನ್ನೂ ದಾಟಿ ನಡೆಯುವವಳು, ಅದನ್ನೆತ್ತಿ ಅವನ ಮುಖಕ್ಕೆ ಬಾರಿಸಿದಳು. ಇನ್ನೊಂದು ಬಾರಿಸಿದಳು. ಅವನು ಕೈ ಅಡ್ಡ ತರಲಿಲ್ಲ. ತುಟಿ ಒಡೆಯಿತು.

"ಎತ್ತು ಅವನ್ನ," ಎಂದಳು. "ಆಸ್ಪತ್ರೆಗೆ ಹೊಡಿ."

ಗಾಡಿಯಲ್ಲಿ ಜೋಗಯ್ಯನ ತಲೆ ಅವಳ ತೊಡೆಯ ಮೇಲಿತ್ತು. ಮೈ ನಡುಗುತ್ತಿತ್ತು. ಅವನ ಹೆಗಲಲ್ಲೇ ನೇತಾಡುತ್ತಿದ್ದ ಸೀಳಿದ ಅಂಡೆಯಲ್ಲಿ ಉಳಿದಿದ್ದ ಒಂದಿಷ್ಟು ಜೇನನ್ನು ಬೆರಳಿಗೆ ತೆಗೆದು ಅವನ ತುಟಿಗೆ ಹಿಡಿದಳು. ಅವನು ಮುಖ ತಿರುಗಿಸಿದ.

"ಬ್ಯಾಡ ಕಣವ್ವ. ಯಾರಾರ ನೋಡ್ತಾರೆ."

ಆಸ್ಪತ್ರೆಯಲ್ಲಿ ಡಾಕ್ಟರು ಲಾಂದ್ರ ಹಿಡಿಸಿ ಕೈ ನೋಡಿದರು. ಬೆರಳುಗಳು ಒಂದೊಂದು ಒಂದೊಂದು ಕಡೆಗೆ ತಿರುಗಿದ್ದವು. ಜೀವಕ್ಕೆ ಭಯವಿಲ್ಲ, ಆದರೆ ಈ ಕೈ ಇನ್ನು ಏನನ್ನೂ ಹಿಡಿಯುವುದಿಲ್ಲ ಎಂದರು. ಹೇಗಾಯಿತೆಂದು ಕೇಳಿದರು.

"ಜೇನು ಕೀಳಾಕೋಗಿ ಮರದಿಂದ ಬಿದ್ದೆ ಸ್ವಾಮಿ," ಎಂದ ಜೋಗಯ್ಯ. ಅವನ ಊದಿಕೊಳ್ಳದ ಒಂದು ಕಣ್ಣು ಬಸವರಾಜುವಿನ ಮೇಲಿತ್ತು.

ಬಸವರಾಜು ನೀಳವಾಗಿ ಉಸಿರು ಬಿಟ್ಟ. ಡಾಕ್ಟರು ಬರೆಯಲು ಬಗ್ಗಿದರು.

"ಮರದಿಂದ ಬಿದ್ದಿಲ್ಲ," ಎಂದಳು ಶಿವನಂಜಮ್ಮ. "ಇವ್ನು ಗೂಟದಲ್ಲಿ ಹೊಡೆದ. ಬಸವರಾಜು, ನಮ್ಮಣ್ಣನ ಮಗ. ಪೊಲೀಸ್ನೋರಿಗೆ ಹೇಳಿಕಳಿಸಿ ಸ್ವಾಮಿ, ನಾನು ಇಲ್ಲೇ ಕುಂತಿರ್ತೀನಿ."

"ಅತ್ತೆ," ಎಂದು ಬಸವರಾಜು ಅವಳ ಕಾಲ ಬಳಿ ಕುಸಿದ. "ನಾನು ಜೈಲಿಗೋದ್ರೆ ನಾಳೆ ನಿನ್ನ ಮಣ್ಣು ಮಾಡೋರು ಯಾರು?"

ಅವಳು ಹಣೆಯ ಬೆವರು ಒರೆಸಿಕೊಂಡಳು. ವಿಭೂತಿ ರಕ್ತದೊಡನೆ ಬೆರೆತು ಕೈಗೆ ಬಂತು.

"ಯಾರೋ ಒಂದಿಡಿ ಮಣ್ಣು ಹಾಕ್ತಾರೆ ಬುಡು," ಎಂದು ಜೋಗಯ್ಯನ ಎಡಗೈ ಹಿಡಿದು ಬೆಂಚಿನ ಮೇಲೆ ಕುಳಿತಳು.