ಬೆಚ್ಚನೆ ಮನೆಯ ಕಿಟಕಿ

ತೋಟದ ಕೂಲಿಯವರಿಗೆಂದು ಸರ್ಕಾರ ಕಟ್ಟಿಸಿಕೊಟ್ಟ ಮನೆಯೊಳಗೆ ಚಳಿ ಕಾಲಿಡುವ ಹಾಗೇ ಇರಲಿಲ್ಲ. ಗೋಡೆ ಅಷ್ಟು ದಪ್ಪ. ತಗಡಿನ ಶೆಡ್ಡಿನಲ್ಲಿ ಮದುವೆಯಾದಾಗಿನಿಂದ ಹೆಂಡತಿಯೊಂದಿಗೆ ಒಂದೇ ಕಂಬಳಿಯಲ್ಲಿ ಮುದುಡಿ ಮಲಗುತ್ತಿದ್ದ ಮುದುಕ, ಇಲ್ಲಿಗೆ ಬಂದಮೇಲೆ ಆಚೆ ಗೋಡೆಗೆ ಬೇರೆ ಹಾಸಿಗೆ ಹಾಸಿಕೊಂಡ. ಮುದುಕಿಗೆ ಕೋಪ ನೆತ್ತಿಗೇರಿತು. ಬಾಯಿಬಿಟ್ಟು ಹೇಳಲು ನಾಚಿಕೆ. ಚಳಿಯಾದರೆ ಬಂದಾನು ಎಂದು ಸಂಜೆಯಾದರೆ ಕಿಟಕಿ ತೆರೆದಿಡತೊಡಗಿದಳು.

ಮನೆ ನೋಡಲು ಬಂದ ಇಂಜಿನಿಯರ್ ಹೌಹಾರಿದ. "ಏನಜ್ಜಿ, ಬೆಚ್ಚಗಿರಲಿ ಅಂತ ಸರ್ಕಾರ ಇಷ್ಟು ದುಡ್ಡು ಸುರಿದಿದೆ, ನೀವು ನೋಡಿದರೆ ಕಿಟಕಿ ತೆಗೆದು ಕೂತಿದ್ದೀರಲ್ಲ!"

"ಸೆಕೆಯಪ್ಪಾ," ಎಂದಳು ಮುದುಕಿ, ಶಾಲು ಬಿಗಿಯಾಗಿ ಹೊದ್ದುಕೊಳ್ಳುತ್ತ.

ಅವನು ತಾನೇ ಕಿಟಕಿ ಮುಚ್ಚಿ ಹೊರಟುಹೋದ. ಮುದುಕಿಯ ಮುಖ ಸಪ್ಪಗಾಯಿತು.

ಆಚೆ ಹಾಸಿಗೆಯಿಂದ ಇದನ್ನೆಲ್ಲ ನೋಡುತ್ತಿದ್ದ ಮುದುಕ ಎದ್ದು ಕಿಟಕಿಯನ್ನು ಪೂರ್ತಿ ತೆರೆದ. ಕಂಬಳಿ ತಂದು ಅವಳಿಗೆ ಅಂಟಿಕೊಂಡು ಕೂತ.

"ಹೌದು ಕಣೇ," ಎಂದ, "ಭಾರೀ ಸೆಕೆ."