ನಲ್ಲಿ ಪೈಪಿಗೆ ಆರರ ತಂತಿ

ಮುಂಬೈ ಹತ್ತಿರದ ದಿವಾದಲ್ಲಿ ಮಾನಮ್ಮನ ಮನೆಯಿದ್ದ, ಒಂದೊಂದೇ ಖೋಲಿಯ ಸಾಲುಮನೆಗಳ ಚಾಳಿಗೆ ನೀರು ಬರುವುದು ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ. ಮಾನಮ್ಮ ನಲ್ಲಿ ಮುಟ್ಟಿದಾಗಲೆಲ್ಲ ಕೈ ಜುಮ್ಮೆನ್ನುತ್ತಿತ್ತು.

"ತಣ್ಣನ ನೀರಿಗಿ ಹಂಗ ಆಗ್ತದ," ಎನ್ನುತ್ತಿದ್ದ ಗಂಡ ಶಿವರಾಯ. ಕಲಬುರಗಿ ಕಡೆಯವನು, ಗೋದಾಮಿನಲ್ಲಿ ಲಾರಿಗೆ ಮಾಲು ತುಂಬುವ ಕೆಲಸ.

ಮನೆಗೆ ಗೀಸರ್ ಬರುವುದಿತ್ತು. ಹಳೆಯ ವೈರಿಂಗ್ ಸಾಲದೆಂದು ಎದುರು ಖೋಲಿಯ ದಾನೇಶ್ವರಿಯನ್ನು ಕರೆದರು. ಅವಳು ಐಟಿಐ ಮುಗಿಸಿ ವೈರ್‌ಮನ್ ಪರವಾನಗಿ ಪಡೆದವಳು. ಚಾಳಿನ ಹಿಂದೆ ನೆಲದಲ್ಲಿ ಅರ್ಥಿಂಗ್ ಸಲಾಕೆ ಹೂಳಿಸಿದಳು, ಹೊಸ ಬೋರ್ಡ್ ಕೂರಿಸಿದಳು. ಆಮೇಲೆ ಕಬ್ಬಿಣದ ನೀರಿನ ಪೈಪನ್ನು ನೋಡಿ ನಿಂತಳು.

"ಕಾಕಾ, ಫ್ರಿಜ್ಜಿನ ಅರ್ಥಿಂಗ್ ಪೈಪಿಗಿ ಕಟ್ಟಿದವ್ರು ಯಾರು?"

"ನಾನೇ. ಪೈಪು ನೆಲಕ್ಕ ಹೋಗ್ತದಲ್ಲ!"

"ಹೋಗ್ತಿತ್ತು. ಮಳಿಗಾಲದಾಗ ಹೊರಗಿನ ತುಂಡು ಒಡದು ಪ್ಲಾಸ್ಟಿಕ್ ಹಾಕ್ಸಿದ್ರಿ. ಈಗ ಫ್ರಿಜ್ಜಿನಾಗ ಸೋರೋ ಕರೆಂಟ್ ನೆಲಕ್ಕ ಹೋಗಂಗಿಲ್ಲ, ಕಾಕೂ ಕೈಗಿ ಬರ್ತದ."

"ಕೇಳ್ರಿ!" ಎಂದಳು ಮಾನಮ್ಮ. "ತಣ್ಣನ ನೀರಂತ, ತಣ್ಣನ ನೀರು!"

ದಾನೇಶ್ವರಿ ಫ್ರಿಜ್ಜಿನ ತಂತಿ ಬಿಚ್ಚಿ ಬೋರ್ಡಿನ ಅರ್ಥಿಂಗಿಗೆ ಸೇರಿಸಿದಳು. "ಈಗ ಪೈಪಿಗೂ ಅಲ್ಲಿಂದ ಒಂದು ತಂತಿ ಬೇಕು. ಆರು ಎಂಎಂ, ತಾಮ್ರದ್ದು."

ಶಿವರಾಯ ಮಂಚದ ಕೆಳಗಿಂದ ಚೀಲ ಎಳೆದ. ಮಾಲು ಇಳಿಸಲು ಹೋದ ಕಟ್ಟಡದ ಸೈಟುಗಳಿಂದ ತಂದ ತಂತಿಯ ತುಂಡುಗಳು. "ಇದ್ರಾಗಿನ ಸಣ್ಣದು ಜೋಡಿಸಿ ಹಾಕು. ಪೈಪೇನು ಮಶಿನ್ ನಡಸ್ತದೇನು?"

"ಲಾರಿ ತುಂಬಿದ ಮ್ಯಾಲೆ ಹಗ್ಗ ಬಿಗಿತೀರಲ್ಲ ಕಾಕಾ, ಗಾಡಿ ನಿಂತಾಗ ಆ ಹಗ್ಗದ ಮ್ಯಾಲೆ ಎಷ್ಟು ಭಾರ?"

"ನಿಂತಾಗ ಏನಿಲ್ಲ."

"ಮತ್ತ ಸುತಳಿ ಯಾಕ ಕಟ್ಟಂಗಿಲ್ಲ?"

"ಡ್ರೈವರ್ ಬ್ರೇಕ್ ಹೊಡದ್ರ ಹರೀತದ."

"ಇದೂ ಹಂಗೇ. ಕರೆಂಟ್ ಪೈಪಿಗಿ ತಗುಲಿದ್ರ ಅದೇ ಬ್ರೇಕ್, ಆಗ ತಂತಿ ಸುಡದಂಗ ನಿಲ್ಲಬೇಕು."

ಶಿವರಾಯ ಚೀಲವನ್ನು ಮತ್ತೆ ಮಂಚದ ಕೆಳಗೆ ತಳ್ಳಿದ. ದಾನೇಶ್ವರಿ ಪೈಪಿನ ಬಣ್ಣ, ತುಕ್ಕು ಉಜ್ಜಿ, ನಡುವೆ ಜೋಡಣೆಯಿಲ್ಲದ ಒಂದೇ ತಂತಿಯನ್ನು ಕ್ಲ್ಯಾಂಪ್ ಹಾಕಿ ಬಿಗಿದಳು.

ಗೀಸರ್ ಬಂದು ಎರಡು ತಿಂಗಳಾಯಿತು. ಬೆಳಿಗ್ಗೆ ಆರಕ್ಕೆ ಮಾನಮ್ಮ ನಲ್ಲಿ ಹಿಡಿದು ಕೊಡ ತುಂಬುತ್ತಿದ್ದಾಗ ಫಟ್ ಎಂದು ಮನೆಯೆಲ್ಲ ಕತ್ತಲಾಯಿತು. ಶಿವರಾಯ ದಾನೇಶ್ವರಿಯ ಕೆಲಸಕ್ಕೇ ಬೈಯುತ್ತ ಅವಳ ಬಾಗಿಲು ಬಡಿದ. ಅವಳು ಬಂದು ಟಾರ್ಚ್ ಹಾಕಿ ನೋಡಿದಳು. ಇಲಿ ಗೀಸರಿನ ವೈರ್ ಕಡಿದಿತ್ತು. ಬರಿಯ ತಂತಿ ಪೈಪಿನ ಮೇಲೆ ಬಿದ್ದಿತ್ತು. ಆರರ ತಂತಿ ಕರೆಂಟನ್ನು ಎಳೆದುಕೊಂಡು, ಹೊಸ ಬೋರ್ಡಿನ ಸ್ವಿಚ್ ತಾನಾಗಿ ಬೀಳುವಂತೆ ಮಾಡಿತ್ತು.

ಶಿವರಾಯ ಹೆಂಡತಿಯ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಜುಮ್ ಅಂತೇನು?"

"ಏನೂ ಅನ್ಲಿಲ್ಲ. ಕೈ ಬಿಡ್ರಿ, ನೀರು ಹೋಗ್ತದ."

ಅವನು ಕೈ ಬಿಟ್ಟು, ಅಲ್ಲೇ ಹೊಸ್ತಿಲ ಮೇಲೆ ಕೂತು ಜೋರಾಗಿ ನಕ್ಕ.

ನಿಮ್ಮ ಮನೆಯ ವೈರಿಂಗ್ ಬದಲಿಸುತ್ತಿದ್ದೀರಾ? ನೀರಿನ ಪೈಪು ಕಬ್ಬಿಣದ್ದಾದರೆ ಅದಕ್ಕೂ ಅರ್ಥಿಂಗ್ ತಂತಿ ಹಾಕಿಸಿ. ಮೇನ್ ಅರ್ಥಿಂಗ್ ತಂತಿಯ ಅರ್ಧಕ್ಕಿಂತ ಅದು ಸಣ್ಣದಿರಬಾರದು. ಅರ್ಧ ಎಷ್ಟೇ ಬರಲಿ, ತಾಮ್ರದ ಆರು ಚದರ ಮಿಲಿಮೀಟರಿಗಿಂತ (ಅಂಗಡಿಯಲ್ಲಿ ಹೇಳುವ ಆರು ಎಂಎಂ) ಕಡಿಮೆ ಬೇಡ. ಪೈಪನ್ನೇ ಅರ್ಥಿಂಗ್ ಎಂದು ನಂಬಬೇಡಿ. ಪರವಾನಗಿ ಇರುವವರನ್ನೇ ಕರೆಯಿರಿ. ನಲ್ಲಿ ಜುಮ್ಮೆಂದರೆ ಮೇನ್ ಸ್ವಿಚ್ ಆರಿಸಿ, ಅವತ್ತೇ ತೋರಿಸಿ. ನೀರು ತಣ್ಣಗಿದೆ ಎಂದು ಸುಮ್ಮನಿರಬೇಡಿ.