ಬಾಲ್ಕಿಯಾ ಬೇಡವೆಂದ ಉಡುಗೊರೆ

ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಬಾಲ್ಕಿಯಾಳ ಕೋಪ ಇದ್ದದ್ದು ಅಂಗಾಲಿನಲ್ಲಿ. ಹವಾಮಾನ ಠಾಣೆಯ ಅಂಗಳದಲ್ಲಿದ್ದ ತಾಪಮಾಪಕದ ಬಿಳಿ ಪೆಟ್ಟಿಗೆಯತ್ತ ಆಕೆ ಮೂರು ಗಂಟೆಗೊಮ್ಮೆ ನಡೆದುಹೋಗುವಾಗ, ಉಣ್ಣೆಯ ಬೂಟಿನಡಿ ಗಟ್ಟಿಹಿಮ ಹಲ್ಲು ಕಡಿಯುವ ಸದ್ದು ಬೀದಿಯಾಚೆಯ ನಮ್ಮ ಮನೆಯ ಜೋಡಿಗಾಜಿನ ಕಿಟಕಿಯನ್ನೂ ದಾಟಿ ಕೇಳಿಸುತ್ತಿತ್ತು. ಆ ಸದ್ದಿನಿಂದಲೇ ಇವತ್ತು ಯಾರಿಗೆ ಮಂಗಳಾರತಿ ಕಾದಿದೆಯೆಂದು ನಾವು ಅಂದಾಜು ಮಾಡುತ್ತಿದ್ದೆವು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಅವನ ಕಪ್ಪು ಕೋಟನ್ನೇ ತೋಳು ಮಡಚಿ ತೊಡುತ್ತಿದ್ದಳು. ಎಂಥ ಚಳಿಯಲ್ಲೂ ಬಲಗೈಗೆ ಕೈಗವಸಿಲ್ಲ. ಕೈಗವಸು ಹಾಕಿಕೊಂಡು ಬರೆದ ಅಂಕಿಯನ್ನು ನಂಬಬಾರದು ಎಂಬುದು ಆಕೆಯ ಸಿದ್ಧಾಂತ, ಮತ್ತು ಆ ಸಿದ್ಧಾಂತದ ದೆಸೆಯಿಂದ ತೋರುಬೆರಳ ತುದಿ ಕಪ್ಪಿಟ್ಟು ಸೀಳುಬಿಟ್ಟಿತ್ತು.

ಕೊಸ್ತನಾಯ್ ಪಟ್ಟಣದಿಂದ ಪೆತ್ರೋಪಾವ್ಲ್ ಪಟ್ಟಣದವರೆಗಿನ ಠಾಣೆಗಳು ಕಳಿಸುವ ಅಂಕಿಗಳನ್ನು ನಕ್ಷೆಯ ಮೇಲಿಟ್ಟು, ಸೀಸದಕಡ್ಡಿಯಿಂದ ಗೆರೆ ಎಳೆದು, ಬೆಳಗಿನ ಏಳು ಗಂಟೆಗೆ ರೇಡಿಯೋದಲ್ಲಿ ಇಡೀ ಉತ್ತರ ಸೀಮೆಗೆ ಹಿಮ ಮತ್ತು ಚಳಿಯ ಮುನ್ಸೂಚನೆ ಓದುವುದು ಮೂವತ್ತೊಂದು ವರ್ಷ ಆಕೆಯ ಕೆಲಸವಾಗಿತ್ತು. ಓದುವ ಧಾಟಿಯೋ, ದಡ್ಡ ಹುಡುಗನಿಗೆ ಮಗ್ಗಿ ಹೇಳಿಕೊಡುವ ಧಾಟಿ. "ಹಿಮ ಇಪ್ಪತ್ತು ಸೆಂಟಿಮೀಟರು. ಗಾಳಿ ವಾಯವ್ಯದಿಂದ. ಸೊನ್ನೆಯ ಕೆಳಗೆ ಮೂವತ್ತೆಂಟು. ಕೇಳಿಸ್ತಾ?" ಈ "ಕೇಳಿಸ್ತಾ" ಸಭ್ಯವಲ್ಲ, ಬಿಟ್ಟುಬಿಡಿ ಎಂದು ರೇಡಿಯೋದವರು ಒಮ್ಮೆ ಕೇಳಿಕೊಂಡರು. ಎರಡು ದಿನ ಬಿಟ್ಟಳು. ಮೂರನೆಯ ದಿನ ಎರಡೆರಡು ಸಲ ಕೇಳಿದಳು.

ಸೊನ್ನೆಯ ಕೆಳಗೆ ಮೂವತ್ತೈದನ್ನೂ ದಾಟಿ ಇಳಿದರೆ ಶಾಲೆಗೆ ರಜೆ. ಯಾವುದೋ ತಪಾಸಣೆಯ ತಂಡ ಬರುವ ದಿನ ಪಾದರಸ ಮೂವತ್ತಾರಕ್ಕೆ ಇಳಿದು ಕೂತಿತ್ತು. ಜಿಲ್ಲಾ ಕಚೇರಿಯ ಅಧಿಕಾರಿಯೊಬ್ಬ ಫೋನು ಮಾಡಿ, ಮೂವತ್ತನಾಲ್ಕು ಅಂದುಬಿಡಿ, ಎರಡು ಡಿಗ್ರಿಯಿಂದ ಏನು ಪ್ರಪಂಚ ಮುಳುಗುತ್ತದೆ ಎಂದ.

"ಪಾದರಸದ ಹತ್ರಾನೇ ಮಾತಾಡಿ ಸ್ವಾಮಿ, ಕೊಡ್ತೀನಿ" ಎಂದವಳು ಅಂಗಳಕ್ಕೆ ಹೋಗಿ ಮೊಬೈಲನ್ನು ಆ ಬಿಳಿ ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿ ಬಂದಳು. ಅಧಿಕಾರಿ ಎಷ್ಟು ಹೊತ್ತು ಹಲೋ ಹಲೋ ಅಂದನೋ ತಿಳಿಯದು. ಆ ಚಳಿಗೆ ಫೋನು ಸತ್ತೇಹೋಗಿತ್ತು. ಶಾಲೆಗೆ ರಜೆಯಾಯಿತು. ಆ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ನಾನೂ ಮನೆಯಲ್ಲಿ ಬೆಚ್ಚಗೆ ಕೂತು ಚಹಾ ಕುಡಿದೆ, ಆಕೆಗೊಂದು ಕೃತಜ್ಞತೆಯ ಮಾತು ಹೇಳಬೇಕೆಂದು ಮಾತ್ರ ತೋಚಲಿಲ್ಲ.

ಒಳ್ಳೆಯ ಸುದ್ದಿ ತಂದವರನ್ನು ನಮ್ಮಲ್ಲಿ ಬರಿಗೈಯಲ್ಲಿ ಕಳಿಸುವುದಿಲ್ಲ. ಆ ಉಡುಗೊರೆಗೆ ಸುಯಿನ್ಶಿ ಎನ್ನುತ್ತೇವೆ. ಬಾಲ್ಕಿಯಾಳ ಬಾಯಿಂದ ಅಂಥ ಸುದ್ದಿ ಹೊರಟದ್ದೇ ಇಲ್ಲವಾದ್ದರಿಂದ ಆಕೆಗೆ ಸುಯಿನ್ಶಿ ಕೊಡುವ ಪ್ರಸಂಗ ಬಂದಿರಲಿಲ್ಲ. ಬಂದದ್ದು ಒಂದು ಜನವರಿಯಲ್ಲಿ. ಐದು ವಾರ ಬಿಡದೆ ಕೊರೆದ ಚಳಿಯಲ್ಲಿ ಜನ ಹೈರಾಣಾಗಿದ್ದಾಗ ಒಂದು ಬುಧವಾರ ಬೆಳಗ್ಗೆ ರೇಡಿಯೋ ಹೇಳಿತು: "ನಾಳೆ, ನಾಡಿದ್ದು ಸೊನ್ನೆಯ ಮೇಲೆ ಎರಡು. ತುಂತುರು ಮಳೆ. ಶುಕ್ರವಾರ ಸಂಜೆಯಿಂದ ಇಳಿಯುತ್ತೆ, ಶನಿವಾರ ಬೆಳಗ್ಗೆ ಸೊನ್ನೆಯ ಕೆಳಗೆ ಮೂವತ್ತೇಳು. ಕುದುರೆಗಳನ್ನ ಬಯಲಲ್ಲಿ ಬಿಡಬೇಡಿ. ಕೇಳಿಸ್ತಾ?"

ನಮಗೆ ಕೇಳಿಸಿದ್ದು ಮೊದಲರ್ಧ. ಮಧ್ಯಾಹ್ನದೊಳಗೆ ಠಾಣೆಯ ಜಗಲಿಯ ಮೇಲೆ ಕರಿದ ಹಿಟ್ಟಿನುಂಡೆಯ ತಟ್ಟೆಗಳು, ಕುದುರೆಮಾಂಸದ ಸುರುಳಿ, ಚಹಾಪುಡಿಯ ಪೊಟ್ಟಣಗಳು ಬಂದು ಕೂತವು. ನಾನೂ ಒಂದು ಬಾಟಲಿ ಹಣ್ಣಿನ ಮುರಬ್ಬ ಹಿಡಿದು ಹೋಗಿದ್ದೆ. ಎಲ್ಲರಿಗಿಂತ ದೊಡ್ಡ ಉಡುಗೊರೆ ತಂದವನು ಆಕೆಯ ಮೈದುನ ಸಾಪರ್‌ಗಾಲಿ, ರೇಷ್ಮೆಯ ಶಾಲು. ಅವನ ಸಂಸಾರದ ಬದುಕೆಲ್ಲ ಇದ್ದದ್ದು ಅರವತ್ತನಾಲ್ಕು ಕುದುರೆಗಳಲ್ಲಿ, ಮತ್ತು ಆ ಕುದುರೆಗಳು ಚಳಿಗಾಲವಿಡೀ ತೆರೆದ ಬಯಲಲ್ಲಿ ಗೊರಸಿನಿಂದ ಹಿಮ ಕೆದರಿ ಹುಲ್ಲು ಮೇಯುತ್ತಿದ್ದವು.

"ಅತ್ತಿಗೆ, ಮೂವತ್ತು ವರ್ಷಕ್ಕೆ ಒಂದ್ಸಲ ಬಾಯಿಂದ ಒಳ್ಳೇ ಮಾತು ಬಂತು ನೋಡಿ. ಹೊದ್ಕೊಳ್ಳಿ."

"ಶನಿವಾರದ್ದು ಕೇಳಿದ್ಯಾ?"

"ಶನಿವಾರ ಹ್ಯಾಗೂ ಚಳಿಯೇ. ನಮಗೇನು ಹೊಸದಾ?"

"ಮಳೆಗೆ ಹಿಮ ನೆನೆಯತ್ತೆ ಕಣೋ. ನೆಂದ ಹಿಮದ ಮೇಲೆ ಮೂವತ್ತೇಳು ಬಿದ್ರೆ ಬಯಲೆಲ್ಲ ಒಂದೇ ಗಾಜು. ನಿನ್ನ ಕುದುರೆ ಗಾಜು ಅಗೆದು ಹುಲ್ಲು ತಿನ್ನತ್ತಾ? ಇವತ್ತೇ ಕೆರೆ ಜೊಂಡಿನ ಕಡೆ ಹೊಡ್ಕೊಂಡು ಹೋಗು. ಜೊಂಡು ಆಳೆತ್ತರ ಇದೆ, ಮುಚ್ಚಿಹೋಗಲ್ಲ."

"ನಾಳೆ, ನಾಡಿದ್ದು ಪಟ್ಟಣದಲ್ಲಿ ಅಕ್ಕನ ಮಗಳ ಮದುವೆ. ಶನಿವಾರ ಬಂದು ನೋಡಿದರಾಯ್ತು ಬಿಡಿ."

"ಶನಿವಾರ ನೋಡೋದಕ್ಕೆ ಹೆಣ ಇರ್ತವೆ, ಬಾ."

ನಾವೆಲ್ಲ ನಕ್ಕೆವು. ಬೆಚ್ಚಗಾದರೂ ಬೈಯುವವಳು ಇವಳೊಬ್ಬಳೇ ಎಂದು ಯಾರೋ ಅಂದರು. ಆ ಯಾರೋ ನಾನೇ ಇದ್ದರೂ ಇರಬಹುದು. ಬಾಲ್ಕಿಯಾ ಶಾಲನ್ನು ಮುದ್ದೆಮಾಡಿ ಅಂಗಳಕ್ಕೆ ಎಸೆದಳು, ತಟ್ಟೆಗಳನ್ನು ಎಸೆದಳು, ನನ್ನ ಮುರಬ್ಬವನ್ನೂ ಎಸೆದಳು. ಬಾಟಲಿ ಒಡೆಯಲಿಲ್ಲ, ಹಿಮ ಇನ್ನೂ ಮೆತ್ತಗಿತ್ತು.

ಶುಕ್ರವಾರ ಮಧ್ಯಾಹ್ನ, ಮಕ್ಕಳು ಟೋಪಿಯಿಲ್ಲದೆ ತುಂತುರಿನಲ್ಲಿ ಕುಣಿಯುತ್ತಿದ್ದಾಗ, ಪೆಟ್ಟಿಗೆಯತ್ತ ಯಾರೂ ನಡೆದುಹೋಗಲಿಲ್ಲ. ಗಂಡನನ್ನು ಮಣ್ಣುಮಾಡಿದ ದಿನವೂ ತಪ್ಪದ ನಡಿಗೆ ಅದು. ಠಾಣೆಗೆ ಬೀಗ ಬಿದ್ದಿತ್ತು. ನಡೆದದ್ದನ್ನು ಮುಂದೆ ನನಗೆ ಹೇಳಿದವಳು ಸಾಪರ್‌ಗಾಲಿಯ ಹೆಂಡತಿ ಕುಲ್ಯಾಶ್: ಗಂಡ ಮದುವೆಯಲ್ಲಿದ್ದ, ಇವಳೊಬ್ಬಳೇ ಬಯಲ ಮನೆಯಲ್ಲಿದ್ದಳು, ಅರವತ್ತರ ಹತ್ತಿರ ಬಂದ ಬಾಲ್ಕಿಯಾ ಒಂಬತ್ತು ಕಿಲೋಮೀಟರು ಮಳೆಯಲ್ಲಿ ನಡೆದುಬಂದು, ನೀರು ಸೋರುವ ಕೋಟಿನಲ್ಲೇ ಕುದುರೆಯೇರಿ, "ಕೂತ್ಕೊಂಡು ಅಳ್ತೀಯೋ, ಬರ್ತೀಯೋ?" ಎಂದಳಂತೆ. ಇಬ್ಬರು ಹೆಂಗಸರು ಹಿಂಡನ್ನು ಜೊಂಡಿನತ್ತ ಹೊಡೆದರು. ಅರ್ಧ ದಾರಿಯಲ್ಲಿ ಗಾಳಿ ವಾಯವ್ಯಕ್ಕೆ ತಿರುಗಿತು, ಕೋಟು ಮೈಮೇಲೆಯೇ ಹಲಗೆಯಾಯಿತು. ನಲವತ್ತೊಂದು ಕುದುರೆ ಜೊಂಡು ಸೇರಿದವು. ಉಳಿದ ಇಪ್ಪತ್ತಮೂರು, ಹಟಮಾರಿ ಗಂಡುಕುದುರೆಯೊಂದರ ಬೆನ್ನುಬಿದ್ದು, ರೂಢಿಯ ಬಯಲಿಗೇ ಹಿಂತಿರುಗಿದವು.

ಶನಿವಾರ ಮೂವತ್ತೇಳು. ಬಯಲು ದಿಗಂತದವರೆಗೆ ಹೊಳೆಯಿತು. ಇಪ್ಪತ್ತಮೂರೂ ಹತ್ತು ದಿನಗಳಲ್ಲಿ ಸತ್ತವು, ಮಂಜುಗಡ್ಡೆಗೆ ಮುಂಗಾಲು ಸೀಳಿ, ಒಂದರ ಬಾಲದ ಕೂದಲನ್ನು ಇನ್ನೊಂದು ಅಗಿದು. ಜೊಂಡು ಸೇರಿದವು ಬದುಕಿದವು, ಬೇರೆಯವರ ಹಿಂಡುಗಳಲ್ಲಿ ಅಷ್ಟೂ ಉಳಿಯಲಿಲ್ಲ. ಊರು ಏನೆಂದಿತು ಗೊತ್ತೇ? ಅವಳ ಬಾಯಿ ಕೆಟ್ಟದ್ದು, ಅಂದದ್ದು ತಗುಲಿತು ಎಂದಿತು. ಅವತ್ತು ಜಗಲಿಯಲ್ಲಿ ನಕ್ಕ ಬಾಯಿಗಳೇ. ಇಲಾಖೆಯಿಂದ ಕಾಗದವೂ ಬಂತು: ಶುಕ್ರವಾರ ಎರಡು ವೀಕ್ಷಣೆಗಳು ತಪ್ಪಿವೆ, ಕಾರಣ ತಿಳಿಸಿ. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆಯೇ. ಮಳೆ, ಹಿಮ, ಹೆಪ್ಪು, ಇದೇ ಪಾಠವನ್ನು ನಾನು ಆರನೆಯ ತರಗತಿಗೆ ವರ್ಷವರ್ಷವೂ ಮಾಡುತ್ತಿದ್ದೆ.

ಸಾಪರ್‌ಗಾಲಿ ಒಂದು ಬೆಳಗ್ಗೆ ಬಂದು ಠಾಣೆಯ ಅಂಗಳದಲ್ಲಿ ಟೋಪಿ ತೆಗೆದು ನಿಂತ. ಬಾಲ್ಕಿಯಾ ಬಾಗಿಲು ತೆರೆದು ಹೊರಬಂದಳು.

"ಟೋಪಿ ಹಾಕ್ಕೋ, ಕತ್ತೆ. ಕಿವಿಯೂ ಉದುರಿದ್ರೆ ನಾನು ಹೇಳೋದು ಯಾರಿಗೆ? ಉಳಿದವಕ್ಕೆ ಮೇವಿದೆಯಾ?"

ಇಲ್ಲವೆಂದು ಅವನು ತಲೆಯಾಡಿಸಿದ. ಆಕೆ ಅಂದೇ ಬೀದಿಗಿಳಿದು, ಮನೆಮನೆಯ ಬಾಗಿಲು ಬಡಿದು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈದು, ಮೂರು ಗಾಡಿ ಒಣಹುಲ್ಲು ಕಸಿದುಕೊಂಡು ಬಂದಳು. ಗಾಡಿಗಳು ಬಯಲಿನತ್ತ ಹೊರಟ ಮೇಲೆ ಠಾಣೆಯ ಬಾಗಿಲು ಹಾಕಿಕೊಂಡು ಅತ್ತಳು. ಅದೂ ಸಿಟ್ಟಿನ ಅಳುವೇ, ಬೀದಿಗೆ ಕೇಳುವಂಥದು.

ಚಳಿ ಬರುತ್ತದೆಂದು ಮುಂಚಿತವಾಗಿ ಹೇಳುವವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರ ಮಾತು ಒರಟು, ಮುಖ ಗಂಟು, ಅವರಿದ್ದಲ್ಲಿ ಹಬ್ಬ ಸಪ್ಪೆ. ಆದ್ದರಿಂದ ಅರ್ಧ ಕೇಳಿ ಎದ್ದುಹೋಗುತ್ತೇವೆ, ಹೇಳಿದ್ದು ನಡೆದಾಗ ನಡೆಸಿದವರು ಅವರೇ ಎನ್ನುತ್ತೇವೆ, ಮತ್ತೆ ಹೇಳಲು ಬಂದರೆ ಕೋಪಿಷ್ಠರೆಂದು ಕರೆಯುತ್ತೇವೆ. ಅವರಿಗೆ ಕೋಪ ಬರುವುದು ನಾವು ಬದುಕಲಿ ಎಂದು. ಅಷ್ಟು ಆಸೆ ನಮ್ಮ ಬದುಕಿನ ಮೇಲೆ ನಮಗೇ ಇಲ್ಲ.